ಪೋಸ್ಟರ್‌ಗೆ ಲೈಕ್ ಬರುತ್ತೆ, ತಪಾಸಣೆಗೆ ಜನ ಬರಲ್ಲ: ಈ ಕರಡಲ್ಲಿ ತಪ್ಪೆಲ್ಲಿದೆ ಹೇಳಿ

ಹಂಚೋಣ_ಬನ್ನಿ
ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಗ್ಗೆ ಜಾಲತಾಣಗಳಲ್ಲಿ ಹಾಕುವ ಪೋಸ್ಟರ್‌ಗಳಿಗೆ ಲೈಕು, ಕೈಮುಗಿದ ಇಮೋಜಿ, "ಒಳ್ಳೆ ಮಾಹಿತಿ" ಎಲ್ಲ ಧಾರಾಳವಾಗಿ ಬರುತ್ತೆ. ಅದನ್ನ ನೋಡಿ ತಪಾಸಣೆಗೆ ಬಂದವರೆಷ್ಟು ಅಂದ್ರೆ ಬೆರಳು ಮಡಚಿ ಎಣಿಸಬಹುದು. ಒಮ್ಮೆ ಬಂದವರೂ ಎರಡನೇ ಸಲ ಬರೋದು ಕಮ್ಮಿ. ಮುಂದಿನ ಪೋಸ್ಟರ್‌ನ ಕರಡು ಕೆಳಗಿದೆ. ಮುಲಾಜಿಲ್ಲದೆ ಕತ್ತರಿ ಹಾಕಿ.

"ಮಹಿಳೆಯರೇ ಎಚ್ಚರ! ಗರ್ಭಕಂಠದ ಕ್ಯಾನ್ಸರ್ ಎಂಬ ಮೌನ ಹಂತಕ ನಿಮ್ಮ ಬೆನ್ನ ಹಿಂದೆಯೇ ಇದೆ. ಪ್ರತಿ ವರ್ಷ ತಪ್ಪದೆ ಪ್ಯಾಪ್ ಸ್ಮಿಯರ್ ಮಾಡಿಸಿ. ಈ ಸಂದೇಶವನ್ನು ಹತ್ತು ಜನರಿಗೆ ಕಳಿಸಿ, ಜೀವ ಉಳಿಸಿ."

ಚಿತ್ರ: ಗುಲಾಬಿ ರಿಬ್ಬನ್, ಪಕ್ಕದಲ್ಲಿ ತಲೆ ಮೇಲೆ ಕೈಹೊತ್ತು ಕೂತ ಹೆಂಗಸು.

ಗಾಜುಪಟ್ಟಿ
ಮೊದಲು ರಿಬ್ಬನ್ ತೆಗೀರಿ. ಗುಲಾಬಿ ಸ್ತನ ಕ್ಯಾನ್ಸರ್‌ದು. ಇದಕ್ಕೆ ಹಸಿರುನೀಲಿ ಮತ್ತು ಬಿಳಿ.

ತಿರುಗುಬಾಣ
ಬಣ್ಣ ನೋಡ್ಕೊಂಡು ಯಾರೂ ಟೆಸ್ಟ್‌ಗೆ ಹೋಗಲ್ಲ ಬಿಡಿ.

ಗಾಜುಪಟ್ಟಿ
ಹೋಗಲ್ಲ ನಿಜ. ಆದ್ರೆ ಗುಲಾಬಿ ಕಂಡ ತಕ್ಷಣ "ಓ, ಸ್ತನದ್ದು, ಗೊತ್ತಿರೋದೇ" ಅಂತ ಹೆಬ್ಬೆರಳು ಮುಂದಕ್ಕೆ ತಳ್ಳುತ್ತೆ.

ನೀಲಿ_ಪರದೆ
"ಪ್ರತಿ ವರ್ಷ" ಅನ್ನೋದನ್ನ ಇವತ್ತೇ ಹೊಡೆದುಹಾಕಿ. ನಿಯಮಿತ ಅಂದ್ರೆ ವರ್ಷ ವರ್ಷ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ ಎಚ್‌ಪಿವಿ (ಈ ಕ್ಯಾನ್ಸರ್ ತರೋ ವೈರಸ್) ಡಿಎನ್‌ಎ ಟೆಸ್ಟ್ ಆದ್ರೆ 30ನೇ ವಯಸ್ಸಿಂದ ಶುರು, 5ರಿಂದ 10 ವರ್ಷಕ್ಕೊಮ್ಮೆ. ಆ ಟೆಸ್ಟ್ ಸಿಗದ ಕಡೆ ಪ್ಯಾಪ್ (ಅಲ್ಲಿನ ಜೀವಕೋಶ ಒರೆಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋದು) ಅಥವಾ ವಿಐಎ (ಆಮ್ಲ ಹಚ್ಚಿ ಕಣ್ಣಲ್ಲೇ ನೋಡೋದು), 3 ವರ್ಷಕ್ಕೊಮ್ಮೆ. ಎಚ್‌ಐವಿ ಇರುವವರ ಲೆಕ್ಕ ಬೇರೆ: 25ರಿಂದಲೇ ಶುರು, ಎಚ್‌ಪಿವಿ ಟೆಸ್ಟ್ 3ರಿಂದ 5 ವರ್ಷಕ್ಕೊಮ್ಮೆ. ವಯಸ್ಸು, ಅಂತರ ಎರಡೂ ದೇಶದಿಂದ ದೇಶಕ್ಕೆ ಹೆಚ್ಚುಕಮ್ಮಿ ಆಗುತ್ತವೆ. ಹಾಗಾಗಿ ನೀವು ಜನರನ್ನ ಕಳಿಸೋ ಕೇಂದ್ರದಲ್ಲಿ ಯಾವ ಟೆಸ್ಟ್ ಮಾಡ್ತಾರೆ ಅಂತ ಮೊದಲು ಕೇಳಿ, ಆ ಟೆಸ್ಟ್‌ನ ಅಂತರವನ್ನೇ ಬರೀರಿ.

ವರ್ಷ ವರ್ಷ ಮಾಡಿಸಿದ್ರೆ ನಷ್ಟ ಏನು ಅಂತ ಕೇಳಬಹುದು. ಎಚ್‌ಪಿವಿ ತಗುಲಿದ ಬಹುಪಾಲು ಜನರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನ ಹತ್ತಿಕ್ಕುತ್ತೆ. ಪದೇ ಪದೇ ಕೆದಕಿದ್ರೆ ತಾನಾಗೇ ಮಾಯಬೇಕಿದ್ದ ಬದಲಾವಣೆಗಳೂ ಕಣ್ಣಿಗೆ ಬೀಳ್ತವೆ. ಬೇಡದ ಬಯಾಪ್ಸಿ, ಬೇಡದ ದಿಗಿಲು. ಹೋಗದೆ ಉಳಿದ ಸೋಂಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ 5ರಿಂದ 10. ಈ ನಿಧಾನವೇ ತಪಾಸಣೆಗೆ ಸಿಕ್ಕಿರೋ ಅನುಕೂಲ. "ಬೆನ್ನ ಹಿಂದೆಯೇ ಇದೆ" ಅನ್ನೋದು ಹೆದರಿಸುತ್ತೆ ಅಷ್ಟೇ ಅಲ್ಲ, ತಪ್ಪು ಕೂಡ.

ಲೆಕ್ಕದ_ಪುಸ್ತಕ
ಇದಕ್ಕೆ ಒಂದು ಅಂಕಿ ಸೇರಿಸ್ತೀನಿ. 2020ರ ನವೆಂಬರ್ 17ರಂದು ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಗುರಿ 90-70-90. 2030ರೊಳಗೆ 15 ತುಂಬುವ ಮುಂಚೆ ಶೇ. 90 ಹುಡುಗಿಯರಿಗೆ ಎಚ್‌ಪಿವಿ ಲಸಿಕೆ, ಶೇ. 70 ಮಹಿಳೆಯರಿಗೆ ತಪಾಸಣೆ, ರೋಗ ಪತ್ತೆಯಾದವರಲ್ಲಿ ಶೇ. 90 ಮಂದಿಗೆ ಚಿಕಿತ್ಸೆ. ಎಲ್ಲರೂ ಮರೆಯೋದು ನಡುವಿನ 70ರ ವಿವರವನ್ನ: 35 ತುಂಬುವುದರೊಳಗೆ ಒಂದು ಸಲ, 45ರೊಳಗೆ ಇನ್ನೊಂದು ಸಲ, ಎರಡೂ ಒಳ್ಳೆ ಗುಣಮಟ್ಟದ ಟೆಸ್ಟ್‌ನಿಂದ. ಅಂದ್ರೆ ಕನಿಷ್ಠ ಎರಡು ಸಲ. "ವರ್ಷ ವರ್ಷ ಮಾಡಿಸಿ" ಅಂದ್ರೆ ಬೆಟ್ಟ ಕಾಣುತ್ತೆ, ಯಾರೂ ಹತ್ತಲ್ಲ.

ತಿರುಗುಬಾಣ
ಎಲ್ಲ ಸರಿ, ಹೆದರಿಸದೆ ಯಾರು ಕದಲ್ತಾರೆ ಗುರು? 2024ರ ಫೆಬ್ರವರಿಯಲ್ಲಿ ನಟಿಯೊಬ್ಬರು ಇದೇ ಕ್ಯಾನ್ಸರ್‌ನಿಂದ ತೀರಿಕೊಂಡ್ರು ಅಂತ ಅವರದೇ ಇನ್‌ಸ್ಟಾಗ್ರಾಂನಲ್ಲಿ ಬಂತು, ಮಾರನೇ ದಿನ "ಬದುಕಿದ್ದೀನಿ, ಜಾಗೃತಿಗಾಗಿ ಮಾಡಿದ್ದು" ಅಂದ್ರು. ಬೈದವರೆಷ್ಟೋ. ಆದ್ರೆ ರೋಗದ ಹೆಸರೇ ಕೇಳದವರೂ ಅವತ್ತು ಹುಡುಕಿದ್ರಲ್ಲ?

ಕಾಗುಣಿತ
ಹುಡುಕಿದ್ದು ರೋಗವನ್ನೋ ನಟಿಯನ್ನೋ?

ಹಳೇ_ಕಡತ
ತಿರುಗುಬಾಣ ಅವರೇ, ನಿಮ್ಮ ವಾದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಇದೆ, ಆದ್ರೆ ಅದು ನಿಮಗೇ ತಿರುಗುತ್ತೆ. ಬ್ರಿಟನ್ನಿನ ಟಿವಿ ತಾರೆ ಜೇಡ್ ಗುಡಿ 2009ರ ಮಾರ್ಚ್‌ನಲ್ಲಿ 27ನೇ ವಯಸ್ಸಿಗೆ ಈ ಕ್ಯಾನ್ಸರ್‌ನಿಂದ ತೀರಿಕೊಂಡ್ರು. ರೋಗ ಗೊತ್ತಾದಾಗಿನಿಂದ ಕೊನೆವರೆಗೂ ಎಲ್ಲ ಮಾಧ್ಯಮದಲ್ಲಿ ಅದೇ ಸುದ್ದಿ. 2008ರ ಮಧ್ಯದಿಂದ 2009ರ ಮಧ್ಯದವರೆಗೆ ಇಂಗ್ಲೆಂಡ್‌ನಲ್ಲಿ ಮಾಮೂಲಿಗಿಂತ ಸುಮಾರು ಐದು ಲಕ್ಷ ಹೆಚ್ಚು ತಪಾಸಣೆ ಆಯ್ತು.

ಆಗಿದ್ದು ಯಾಕೆ? 1988ರಿಂದಲೇ ಅಲ್ಲಿ ವಯಸ್ಸಿನ ಪ್ರಕಾರ ಮನೆಗೆ ಕರೆಪತ್ರ ಕಳಿಸೋ ವ್ಯವಸ್ಥೆ ಇತ್ತು. ಎಲ್ಲಿಗೆ ಹೋಗಬೇಕು, ಯಾವಾಗ ಅನ್ನೋದು ಆ ಪತ್ರದಲ್ಲೇ ಇತ್ತು. ಸುದ್ದಿ ನೂಕಿತು, ಬಾಗಿಲು ಮುಂಚೆಯೇ ತೆರೆದಿತ್ತು. ಸುದ್ದಿ ತಣ್ಣಗಾದ ಮೇಲೆ ಆ ಏರಿಕೆಯೂ ಇಳೀತು.

2015ರ ಜನವರಿಯಲ್ಲಿ ಅಲ್ಲಿಯದೇ ಜೋಸ್ ಸರ್ವೈಕಲ್ ಕ್ಯಾನ್ಸರ್ ಟ್ರಸ್ಟ್ "ಸ್ಮಿಯರ್ ಫಾರ್ ಸ್ಮಿಯರ್" ಶುರುಮಾಡ್ತು. ತುಟಿಬಣ್ಣ ಒರೆಸಿಕೊಂಡ ಸೆಲ್ಫಿಗಳು. ಪ್ಯಾಪ್‌ಗೆ ಅಲ್ಲಿ ಸ್ಮಿಯರ್ ಅಂತಾರೆ, ಸ್ಮಿಯರ್ ಅಂದ್ರೆ ಮೆತ್ತೋದು ಕೂಡ, ಆ ಶ್ಲೇಷೆ. ಹಂಚೋಕೆ ಸುಲಭ, ನೋಡೋಕೆ ಖುಷಿ. ಸೆಲ್ಫಿ ಹಾಕಿದ ಮೇಲೆ ಮುಂದೇನು ಅನ್ನೋದು ಚಿತ್ರದಲ್ಲಿ ಇರಲ್ಲ, ಅದೇ ಕೊರತೆ.

ಕಾಗುಣಿತ
ಕರಡಿನ ಭಾಷೆಗೆ ಬರೋಣ. "ಗರ್ಭಕಂಠ" ಪುಸ್ತಕದ ಪದ. ಓದಿದವರಿಗೂ "ಕಂಠ" ಅಂದ್ರೆ ಗಂಟಲೇ ನೆನಪಾಗೋದು. "ಸರ್ವೈಕಲ್" ಅಂತ ಇಂಗ್ಲಿಷ್ ಹಾಕಿದ್ರೆ ಕತ್ತುನೋವಿನ ಸರ್ವೈಕಲ್ ಸ್ಪಾಂಡಿಲೋಸಿಸ್ ಜೊತೆ ಕಲಸುಮೇಲೋಗರ. ಎರಡೂ ಕತ್ತು ಅನ್ನೋ ಒಂದೇ ಲ್ಯಾಟಿನ್ ಬೇರಿನಿಂದ ಬಂದಿದ್ದು. "ಗರ್ಭಕೋಶದ ಬಾಯಿ" ಅಂದ್ರೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ದೊಡ್ಡಕ್ಷರದಲ್ಲಿ ಅದು ಇರಲಿ, ಹುಡುಕಿದಾಗ ಸಿಗಲಿ ಅಂತ ಕೆಳಗೆ ಸಣ್ಣದಾಗಿ "ಗರ್ಭಕಂಠ", "ಸರ್ವೈಕಲ್ ಕ್ಯಾನ್ಸರ್" ಎರಡೂ ಇರಲಿ.

ಇನ್ನೊಂದು ಎಡವಟ್ಟು "ನೆಗೆಟಿವ್", "ಪಾಸಿಟಿವ್". ನೆಗೆಟಿವ್ ಅಂದ್ರೆ ಕೆಟ್ಟದ್ದು ಅಂದ್ಕೊಳ್ಳೋರು ಇದ್ದಾರೆ. "ವೈರಸ್ ಕಂಡಿಲ್ಲ", "ವೈರಸ್ ಕಂಡಿದೆ, ಇದು ಕ್ಯಾನ್ಸರ್ ಅಲ್ಲ, ಮುಂದಿನ ಪರೀಕ್ಷೆ ಬೇಕು" ಅಂತ ಬಿಡಿಸಿ ಬರೀರಿ.

ಅಕ್ಷರಗಾರ
ಸ್ವಲ್ಪ ದಾರಿ ತಪ್ಪಿಸ್ತೀನಿ, ಕ್ಷಮಿಸಿ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಅಂಟಿಸಿದ್ರೆ ಜಾಲತಾಣದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರ್ತವೆ. ಯೂನಿಕೋಡ್‌ಗೆ ಬದಲಾಯಿಸಿ. ಕೆಲವು ವಿಡಿಯೋ ಎಡಿಟಿಂಗ್ ಆ್ಯಪ್‌ಗಳಲ್ಲಿ ಯೂನಿಕೋಡ್ ಇದ್ದರೂ ಒತ್ತಕ್ಷರ ಮುರಿಯುತ್ತೆ: "ಕ್ಯಾನ್ಸರ್" ಹೋಗಿ "ಕ್‌ಯಾನ್‌ಸರ್" ಆಗುತ್ತೆ. ಅಂಥ ಕಡೆ ಸಾಲನ್ನ ಬೇರೆಡೆ ಚಿತ್ರವಾಗಿ ಮಾಡ್ಕೊಂಡು ವಿಡಿಯೋ ಮೇಲೆ ಕೂರಿಸಿ.

ಕಾಗುಣಿತ
ಚಿತ್ರ ಮಾಡಿದ್ರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಲ್ಲ. ಅದೇ ಸಾಲು ಪೋಸ್ಟ್‌ನ ಪಠ್ಯದಲ್ಲೂ ಇರಬೇಕು.

ಅಕ್ಷರಗಾರ
ಒಪ್ಪಿದೆ. ಸದ್ದಿಲ್ಲದೆ ನೋಡೋರೂ ಬಹಳ, ಹಾಗಾಗಿ ಮಾತಿಗೆ ತಕ್ಕ ಅಡಿಬರಹವೂ ಬೇಕು. ಲಂಬ ವಿಡಿಯೋ 1080×1920 ಇಟ್ಟರೆ ಕೆಳತುದಿಯಲ್ಲಿ ಏನೂ ಬರೀಬೇಡಿ, ಖಾತೆ ಹೆಸರು ಮತ್ತು ಬಟನ್‌ಗಳು ಅಲ್ಲಿ ಮುಚ್ಚಿಬಿಡ್ತವೆ. ಫೋನ್ ನಂಬರ್ ಅಲ್ಲೇ ಹಾಕಿ ಹಾಳುಮಾಡೋರೇ ಜಾಸ್ತಿ.

ಜಾಹೀರಾತು_ಕಟ್ಟೆ
ದುಡ್ಡು ಕೊಟ್ಟು ಓಡಿಸೋದಾದ್ರೆ ಗಮನಿಸಿ. ಮೆಟಾದಲ್ಲಿ (ಫೇಸ್‌ಬುಕ್, ಇನ್‌ಸ್ಟಾಗ್ರಾಂ) ನೋಡುಗರ ವೈಯಕ್ತಿಕ ಸ್ಥಿತಿ ನಿಮಗೆ ಗೊತ್ತು ಅನ್ನಿಸೋ ಹಾಗೆ ಬರೆದ ಜಾಹೀರಾತು ತಿರಸ್ಕೃತ. "ನಿಮಗೆ ಎಚ್‌ಪಿವಿ ಇದೆಯಾ?" ಹೋಗಲ್ಲ. "ಎಚ್‌ಪಿವಿ ಟೆಸ್ಟ್ ಇಲ್ಲಿ ಮಾಡ್ತಾರೆ" ಹೋಗುತ್ತೆ. ವಯಸ್ಸೂ ಅದೇ ಪಟ್ಟಿಯಲ್ಲಿದೆ, "ನಿಮಗೆ 30 ದಾಟಿತಾ?" ಬದಲು "30 ದಾಟಿದ ಮಹಿಳೆಯರಿಗೆ" ಅನ್ನಿ. ಕ್ಯಾನ್ಸರ್ ಜಾಗೃತಿಯಂಥ ಆರೋಗ್ಯದ ಆಸಕ್ತಿಗಳನ್ನ ಇಟ್ಕೊಂಡು ಜನರನ್ನ ಆರಿಸೋ ಸೌಲಭ್ಯವನ್ನ 2022ರ ಜನವರಿಯಲ್ಲೇ ತೆಗೆದಿದ್ದಾರೆ. ವಯಸ್ಸು, ಲಿಂಗ, ಊರು ಇಟ್ಟುಕೊಂಡರೆ ಈ ಕೆಲಸಕ್ಕೆ ಅಷ್ಟು ಸಾಕು.

ಅಂಗದ ನಿಜವಾದ ಫೋಟೋ ಬೇಡ, ಅಶ್ಲೀಲ ಅಂತ ಯಂತ್ರವೇ ಎತ್ತಿಹಾಕುತ್ತೆ. ಗೆರೆಚಿತ್ರ ಹಾಕಿ. ಯಂತ್ರಕ್ಕೆ ಹೆದರಿ "ಯೋ*ನಿ" ಅಂತ ನಡುವೆ ಚುಕ್ಕಿ ಇಡೋದೂ ಬೇಡ. ಹುಡುಕಿದವರಿಗೆ ಸಿಗಲ್ಲ, ಹೇಳಬಾರದ ಪದ ಅನ್ನೋ ಭಾವನೆಯನ್ನ ನೀವೇ ಬಲಪಡಿಸಿದ ಹಾಗೆ.

ಸಾಲಿನ_ಕೊನೆ
"ಹತ್ತು ಜನರಿಗೆ ಕಳಿಸಿ" ಬಗ್ಗೆ ಯಾರೂ ಹೇಳ್ಲಿಲ್ಲ. ವಾಟ್ಸಾಪ್‌ನಲ್ಲಿ ಹಲವು ಸಲ ದಾಟಿಬಂದ ಸಂದೇಶವನ್ನ ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸೋಕಾಗೋದು, 2020ರಿಂದ ಹೀಗೇ. ಜೊತೆಗೆ "ಹಲವು ಬಾರಿ ಫಾರ್ವರ್ಡ್ ಆಗಿದೆ" ಅನ್ನೋ ಜೋಡಿಬಾಣದ ಗುರುತು. ಆ ಗುರುತು ಕಂಡ್ರೆ ಜನ ಸುಳ್ಳುಸುದ್ದಿ ಲೆಕ್ಕಕ್ಕೆ ಸೇರಿಸ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದ್ರೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪೋದು. ಅದು ಗೊತ್ತಿಲ್ಲದೆ "ಕಳಿಸಿದೀವಿ, ಯಾರೂ ಬರ್ಲಿಲ್ಲ" ಅಂತ ಕೂರೋರಿದ್ದಾರೆ.

ಇದಕ್ಕಿಂತ ದೊಡ್ಡ ತಪ್ಪು ಒಂದಿದೆ: ಕೇಂದ್ರದ ಸಾಮರ್ಥ್ಯ ಕೇಳದೆ ಪೋಸ್ಟ್ ಬಿಡೋದು. ದಿನಕ್ಕೆ 20 ಜನರನ್ನ ನೋಡೋ ಕಡೆ 80 ಜನ ಬಂದು, 60 ಜನ ವಾಪಸ್ ಹೋದ್ರೆ ಆ 60 ಮತ್ತೆ ಬರಲ್ಲ, ಜೊತೆಗೆ ಇನ್ನಷ್ಟು ಜನರಿಗೆ "ಹೋಗಬೇಡ, ಸುಮ್ನೆ ಕಾಯಿಸ್ತಾರೆ" ಅಂತಾರೆ. ಪೋಸ್ಟ್‌ಗೆ ಮುಂಚೆ ಕೇಳಬೇಕಾದ್ದು: ಕಿಟ್ ಎಷ್ಟಿದೆ, ಮಾದರಿ ತೆಗೆಯೋರು ಹೆಂಗಸರಾ, ಫಲಿತಾಂಶಕ್ಕೆ ಎಷ್ಟು ದಿನ, ಏನಾದ್ರೂ ಕಂಡರೆ ಕಾಲ್ಪೋಸ್ಕೋಪಿಗೆ (ಗರ್ಭಕೋಶದ ಬಾಯಿಯನ್ನ ದೊಡ್ಡದಾಗಿ ತೋರಿಸೋ ಉಪಕರಣದಿಂದ ನೋಡೋದು) ಎಲ್ಲಿಗೆ ಕಳಿಸ್ತಾರೆ. ನಾಲ್ಕನೆಯದಕ್ಕೆ ಉತ್ತರ ಇಲ್ಲದಿದ್ರೆ ಪ್ರಚಾರವನ್ನೇ ಮಾಡಬೇಡಿ.

ತಿರುಗುಬಾಣ
ಇದು ಸ್ವಲ್ಪ ಅತಿಯಾಯ್ತು. ಅಷ್ಟು ಕಾದ್ರೆ ಜಾಗೃತಿ ಆಗೋದು ಯಾವಾಗ?

ಸಾಲಿನ_ಕೊನೆ
ವೈರಸ್ ಇದೆ ಅಂತ ಹೇಳಿ ಮುಂದಿನ ದಾರಿ ತೋರಿಸದೆ ಬಿಟ್ಟರೆ ಅದನ್ನ ಜಾಗೃತಿ ಅಂತೀರಾ?

ಮೌನಿ
ಯಾರೂ ಕಾಮೆಂಟ್ ಮಾಡಲ್ಲ ಅಂತ ಬೇಜಾರಾಗೋರಿಗೆ: ಈ ವಿಷಯಕ್ಕೆ ಸಾರ್ವಜನಿಕವಾಗಿ ಲೈಕ್ ಒತ್ತೋಕೂ ಹೆಂಗಸರು ಹಿಂಜರೀತಾರೆ, ಯಾಕಂದ್ರೆ ನೆಂಟರ ಕಣ್ಣಿಗೆ ಬೀಳುತ್ತೆ. ಸ್ಟೋರಿಯಲ್ಲಿ "ನೀವು ಟೆಸ್ಟ್ ಮಾಡಿಸಿದ್ದೀರಾ? ಹೌದು/ಇಲ್ಲ" ಅಂತ ಮತ ಕೇಳೋದಂತೂ ಬೇಡ, ಯಾರು ಏನು ಒತ್ತಿದ್ರು ಅಂತ ಖಾತೆ ನಡೆಸೋರಿಗೆ ಹೆಸರು ಸಮೇತ ಕಾಣುತ್ತೆ. ಸೇವ್ ಮಾಡಿಕೊಂಡಿದ್ದು ಯಾರಿಗೂ ಕಾಣಲ್ಲ, ಒಬ್ಬರಿಗೆ ಖಾಸಗಿಯಾಗಿ ಕಳಿಸಿದ್ದೂ ಕಾಣಲ್ಲ. ಈ ವಿಷಯದಲ್ಲಿ ಲೈಕ್‌ಗಿಂತ ಸೇವ್ ಮತ್ತು ಶೇರ್ ಸಂಖ್ಯೆ ನೋಡಿ.

ಕಾಮೆಂಟ್‌ನಲ್ಲಿ ಯಾರಾದ್ರೂ ರಿಪೋರ್ಟ್ ಫೋಟೋ ಹಾಕಿದ್ರೆ ತಕ್ಷಣ ಮರೆಮಾಡಿ, ಖಾಸಗಿ ಸಂದೇಶದಲ್ಲಿ ಕೇಂದ್ರದ ನಂಬರ್ ಕೊಡಿ. ಅಲ್ಲೇ ಕೂತು "ಇದೇನೂ ಇಲ್ಲ" ಅಂತ ವೈದ್ಯಕೀಯ ಮಾಡಬೇಡಿ.

ಪುದೀನ
ವಿಐಎ ಅಂದ್ರೆ ವಿನೆಗರ್ ಹಚ್ಚಿ ನೋಡೋದಂತೆ. ಮನೇಲೇ ಮಾಡ್ಕೊಳ್ಳೋ ವಿಡಿಯೋ ಹಾಕಿದ್ರೆ?

ನೀಲಿ_ಪರದೆ
ದಯವಿಟ್ಟು ಬೇಡ. ಹಚ್ಚೋದು 3ರಿಂದ 5 ಶೇಕಡಾ ಅಸಿಟಿಕ್ ಆಮ್ಲ, ವಿನೆಗರ್‌ನಲ್ಲಿ ಇರೋದೂ ಅದೇ ಆಮ್ಲ. ಆದ್ರೆ ನೋಡಬೇಕಾದ ಜಾಗ ತನಗೆ ತಾನು ಕಾಣೋದಲ್ಲ. ಸ್ಪೆಕ್ಯುಲಮ್ (ಯೋನಿಯನ್ನ ಅಗಲಿಸಿ ಹಿಡಿಯೋ ಸಾಧನ) ಹಾಕಿ, ಒಳ್ಳೆ ಬೆಳಕಲ್ಲಿ, ಹಚ್ಚಿದ ಮೇಲೆ ಕನಿಷ್ಠ ಒಂದು ನಿಮಿಷ ಬಿಟ್ಟು ನೋಡ್ತಾರೆ. ಎರಡು ಬಗೆಯ ಪದರ ಕೂಡೋ ಗಡಿಯ ಹತ್ತಿರ ದಟ್ಟ ಬಿಳಿ ಮಚ್ಚೆ, ಅಂಚು ಸ್ಪಷ್ಟ ಇದ್ರೆ ಅನುಮಾನ. ಉರಿಯೂತ ಇದ್ದರೂ ಬಿಳಿ ಆಗುತ್ತೆ, ಅದನ್ನ ಬೇರ್ಪಡಿಸೋಕೆ ಪಳಗಿದ ಕಣ್ಣು ಬೇಕು. ಮುಟ್ಟು ನಿಂತ ಮೇಲೆ ಆ ಗಡಿ ಒಳಕ್ಕೆ ಸರಿಯುತ್ತೆ, ಹಾಗಾಗಿ 50 ದಾಟಿದವರಿಗೆ ಈ ವಿಧಾನ ಅಷ್ಟಾಗಿ ಒಗ್ಗಲ್ಲ. ಲಾಭ ಒಂದೇ: ಫಲಿತಾಂಶ ಅಲ್ಲೇ ಗೊತ್ತಾಗುತ್ತೆ, ಸೂಕ್ತ ಅನ್ನಿಸಿದ್ರೆ ಅದೇ ದಿನ ಚಿಕಿತ್ಸೆಯೂ ಆಗಬಹುದು.

ಗಾಜುಪಟ್ಟಿ
ಮನೇಲಿ ಮಾಡೋದಕ್ಕೆ ವಿಡಿಯೋ ಬೇಕೇ ಬೇಕು ಅಂದ್ರೆ ಎಚ್‌ಪಿವಿ ಟೆಸ್ಟ್‌ನ ಸ್ವಯಂ ಮಾದರಿ ಬಗ್ಗೆ ಮಾಡಿ. ಜನರಿಗೆ ಭಯ ಇರೋದು ಕಾಲು ಅಗಲಿಸಿ ಮಲಗೋದಕ್ಕೆ, ಆ ಸ್ಪೆಕ್ಯುಲಮ್‌ಗೆ. ಸ್ವಯಂ ಮಾದರಿಗೆ ಅದು ಬೇಡ. ಪಿಸಿಆರ್ (ವೈರಸ್‌ನ ಡಿಎನ್‌ಎ ಹೆಚ್ಚಿಸಿ ಹುಡುಕೋ) ವಿಧಾನದ ಟೆಸ್ಟ್ ಆದ್ರೆ ವೈದ್ಯರು ತೆಗೆದ ಮಾದರಿಗೂ ಇದಕ್ಕೂ ನಿಖರತೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಆಸ್ಟ್ರೇಲಿಯಾದಲ್ಲಿ 2022ರ ಜುಲೈನಿಂದ ತಪಾಸಣೆಗೆ ಬರೋ ಎಲ್ಲರಿಗೂ ಈ ಆಯ್ಕೆ ಇದೆ.

ಗೆರೆಚಿತ್ರದಲ್ಲಿ ತೋರಿಸಬೇಕಾದ್ದು: ಕೈ ತೊಳೆದು ಒಣಗಿಸಿಕೊಳ್ಳಿ. ಮಾದರಿ ತೆಗೆಯೋ ಕಡ್ಡಿಯ ತುದಿ ಮುಟ್ಟಬೇಡಿ, ಎಲ್ಲೂ ಇಡಬೇಡಿ. ಒಂದು ಕಾಲು ಎತ್ತರದ ಮೇಲಿಟ್ಟು ನಿಂತರೂ ಸರಿ, ಕೂತರೂ ಸರಿ. ಸುಮಾರು 5 ಸೆಂಟಿಮೀಟರ್, ಕಡ್ಡಿ ಮೇಲೆ ಗುರುತಿದ್ದರೆ ಅಲ್ಲಿವರೆಗೆ, ಮೆಲ್ಲಗೆ ಯೋನಿಯ ಒಳಗೆ. ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ತಿರುಗಿಸಿ, ಸಾಮಾನ್ಯವಾಗಿ 10ರಿಂದ 30 ಸೆಕೆಂಡ್. ಹೊರತೆಗೆದು ನೇರ ಕೊಳವೆಗೆ, ಮುಚ್ಚಳ ಬಿಗಿ, ಹೆಸರು, ದಿನಾಂಕ. ಮುಟ್ಟಿನ ದಿನ ಬೇಡ.

ಕೆಡೋದೂ ಗೊತ್ತಿರೋ ಜಾಗಗಳಲ್ಲೇ. ಮುಚ್ಚಳ ಸಡಿಲ ಇದ್ದು ದ್ರವ ಸೋರೋದು, ಹೆಸರು ಬರೆಯದಿರೋದು, ತುದಿಯನ್ನಷ್ಟೇ ಒಳಗಿಟ್ಟು ತೆಗೆದು ಜೀವಕೋಶವೇ ಸಿಗದಿರೋದು. ಕೊನೆಯದಾದ್ರೆ ರಿಪೋರ್ಟ್‌ನಲ್ಲಿ "ಮಾದರಿ ಸಾಲದು" ಅಂತ ಬರುತ್ತೆ. ಅದು ರೋಗ ಅಲ್ಲ, ಮತ್ತೊಂದು ಸಲ ಕೊಡಿ ಅಂತಷ್ಟೇ. ಮತ್ತೆ, ಸ್ವಯಂ ಮಾದರಿಯಲ್ಲಿ ಪ್ಯಾಪ್ ನೋಡೋಕಾಗಲ್ಲ. ವೈರಸ್ ಕಂಡರೆ ಹೆಚ್ಚಿನವರು ಒಮ್ಮೆಯಾದ್ರೂ ಕೇಂದ್ರಕ್ಕೆ ಬರಲೇಬೇಕು, ಇದನ್ನ ವಿಡಿಯೋದಲ್ಲೇ ಹೇಳಿಬಿಡಿ.

ಮೌನಿ
ವೈರಸ್ ಕಂಡರೆ ಮನೇಲಿ ಏಳೋ ಪ್ರಶ್ನೆಗೂ ಉತ್ತರ ಬೇಕಲ್ಲ. "ಎಲ್ಲಿಂದ ಬಂತು?"

ನೀಲಿ_ಪರದೆ
ಇದನ್ನ ಪೋಸ್ಟ್ ಮೇಲೆ ಪಿನ್ ಮಾಡಿ: ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುತ್ತೆ, ಲೈಂಗಿಕ ಜೀವನ ನಡೆಸುವ ಬಹುತೇಕ ಎಲ್ಲರಿಗೂ ಯಾವಾಗಲೋ ಒಮ್ಮೆ ತಗುಲುತ್ತೆ. ವರ್ಷಗಟ್ಟಲೆ ಕಾಣದೆ ಇದ್ದು ಆಮೇಲೆ ಕಾಣಿಸಬಹುದು. ಹಾಗಾಗಿ ಯಾವಾಗ, ಯಾರಿಂದ ಅಂತ ಈ ಟೆಸ್ಟ್ ಹೇಳಲ್ಲ. ಈಗ ಗಂಡ ಮೋಸ ಮಾಡಿದ ಅಥವಾ ಹೆಂಡತಿ ಮೋಸ ಮಾಡಿದಳು ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ. ಇಷ್ಟು ಬರೀದೆ "ಲೈಂಗಿಕ ಸೋಂಕು" ಅಂತ ಮಾತ್ರ ಬರೆದ್ರೆ ಜನ ಬರೋದಿರಲಿ, ಬಂದವರೂ ರಿಪೋರ್ಟ್ ಒಯ್ಯಲ್ಲ.

ಪುದೀನ
ಲಸಿಕೆ ಹಾಕಿಸಿಕೊಂಡವರಿಗೆ? ಗರ್ಭಕೋಶ ತೆಗೆಸಿದವರಿಗೆ?

ನೀಲಿ_ಪರದೆ
ಲಸಿಕೆ ಎಚ್‌ಪಿವಿಯ ಎಲ್ಲ ತಳಿಗಳಿಂದಲೂ ರಕ್ಷಣೆ ಕೊಡಲ್ಲ, ತಪಾಸಣೆ ಬೇಕು. ಸುಮಾರು ಶೇ. 70 ಪ್ರಕರಣಗಳಿಗೆ ಕಾರಣ 16 ಮತ್ತು 18ನೇ ತಳಿ, ಉಳಿದದ್ದು ಬೇರೆಯವು. ಗರ್ಭಕೋಶ ತೆಗೆಸಿದವರು ಅದರ ಬಾಯಿಯನ್ನೂ ತೆಗೆದಿದ್ದಾರಾ, ಯಾಕೆ ತೆಗೆದ್ರು ಅಂತ ಆಪರೇಷನ್ ಚೀಟಿ ನೋಡಬೇಕು. ಬಾಯಿ ಉಳಿದಿದ್ರೆ ತಪಾಸಣೆ ಮುಂದುವರಿಯುತ್ತೆ. ಕ್ಯಾನ್ಸರ್ ಪೂರ್ವ ಬದಲಾವಣೆಗೆ ಅಂತಲೇ ತೆಗೆದಿದ್ರೆ ಬಾಯಿ ಇಲ್ಲದಿದ್ರೂ ವೈದ್ಯರ ಹತ್ತಿರ ಹೋಗ್ತಿರಬೇಕು.

ಲೆಕ್ಕದ_ಪುಸ್ತಕ
ಎಷ್ಟು ಜನ ಬಂದ್ರು ಅಂತ ಅಳೆಯೋದು ಹೀಗೆ. ಪ್ರತಿ ಪೋಸ್ಟ್‌ಗೂ ಒಂದು ಬೇರೆ ಪದ ಕೊಡಿ, "ದಿನ ಹಿಡಿಯಲು ಮಲ್ಲಿಗೆ ಅಂತ ಕಳಿಸಿ" ಅನ್ನೋ ಥರ. ಫೇಸ್‌ಬುಕ್‌ಗೆ ಮಲ್ಲಿಗೆ, ವಾಟ್ಸಾಪ್‌ಗೆ ಸಂಪಿಗೆ. ಫೋನ್ ಬೇರೆಯವರ ಕೈಗೆ ಸಿಕ್ಕರೂ ಆ ಒಂದು ಪದದಿಂದ ಏನೂ ಗೊತ್ತಾಗಲ್ಲ. ಆಮೇಲೆ ನಾಲ್ಕು ಸಂಖ್ಯೆ ಬರೆದಿಡಿ: ಪದ ಕಳಿಸಿದವರು, ದಿನ ಹಿಡಿದವರು, ಬಂದವರು, ಫಲಿತಾಂಶ ಒಯ್ದವರು. ಎಲ್ಲಿ ಸಂಖ್ಯೆ ದಿಢೀರ್ ಕುಸಿಯುತ್ತೋ ರಿಪೇರಿ ಅಲ್ಲಿ. ದಿನ ಹಿಡಿದವರು 40, ಬಂದವರು 12 ಅಂದ್ರೆ ಪೋಸ್ಟರ್ ಬದಲಾಯಿಸಿ ಉಪಯೋಗ ಇಲ್ಲ, ಸಮಯ ಬದಲಾಯಿಸಬೇಕು ಅಥವಾ ಹಿಂದಿನ ದಿನ ನೆನಪಿಸಬೇಕು.

ಸಾಲಿನ_ಕೊನೆ
ಎರಡನೇ ಸಲ ಬರಲ್ಲ ಅಂದ್ರಲ್ಲ, ಅದು ಜಾಲತಾಣದ ಕೆಲಸವೇ ಅಲ್ಲ. ಐದು ವರ್ಷದ ಮೇಲೆ ಅದೇ ಹೆಂಗಸಿಗೆ ಅದೇ ಪೋಸ್ಟ್ ತೋರಿಸೋಕೆ ಯಾವ ಯಂತ್ರಕ್ಕೂ ಸಾಧ್ಯ ಇಲ್ಲ. ಫಲಿತಾಂಶ ಕೊಡುವ ಹೊತ್ತಲ್ಲೇ ಮುಂದಿನ ತಿಂಗಳು, ವರ್ಷ ಚೀಟಿ ಮೇಲೆ ಬರೆದುಕೊಡಬೇಕು, ಫೋನಿನ ಕ್ಯಾಲೆಂಡರ್‌ನಲ್ಲಿ ಅಲ್ಲೇ ಹಾಕಿಸಬೇಕು, ಒಪ್ಪಿಗೆ ಪಡೆದು ಕೇಂದ್ರದ ಪುಸ್ತಕದಲ್ಲಿ ನಂಬರ್ ಇಟ್ಟುಕೊಂಡು ಹೆಸರು ಹಿಡಿದು ಸಂದೇಶ ಕಳಿಸಬೇಕು. ನಂಬರ್ ಬದಲಾಗೋದು ಮಾಮೂಲು, ಎರಡನೇ ನಂಬರ್ ಕೇಳಿ. ಅದು ಯಾರದು, ಅವರಿಗೆ ವಿಷಯ ಹೇಳಬಹುದಾ ಅನ್ನೋದನ್ನೂ ಕೇಳಿ.

ಹಂಚೋಣ_ಬನ್ನಿ
ಇಷ್ಟರಮಟ್ಟಿಗೆ ತಿದ್ದಿದೀನಿ:

"ಗರ್ಭಕೋಶದ ಬಾಯಿಯ ತಪಾಸಣೆ, 30 ದಾಟಿದ ಮಹಿಳೆಯರಿಗೆ. ಯಾವ ತೊಂದರೆಯೂ ಇಲ್ಲದಿರುವಾಗಲೇ ಮಾಡಿಸುವ ಟೆಸ್ಟ್ ಇದು. ಕ್ಯಾನ್ಸರ್ ಆಗುವ ಮುಂಚೆಯೇ ಬದಲಾವಣೆ ಹಿಡಿಯಬಹುದು. ಮಾದರಿ ನೀವೇ ತೆಗೆದುಕೊಡಬಹುದು. ವೈರಸ್ ಕಾಣದಿದ್ದರೆ ಮುಂದಿನದು 5 ವರ್ಷದ ನಂತರ. ಫಲಿತಾಂಶ ___ ದಿನದಲ್ಲಿ. ದಿನ ಹಿಡಿಯಲು ಈ ನಂಬರಿಗೆ ‘ಮಲ್ಲಿಗೆ’ ಅಂತ ಕಳಿಸಿ."

ಚಿತ್ರ: ಕಡ್ಡಿ, ಕೊಳವೆ, ಎರಡು ಕೈ. ಅಳೋ ಹೆಂಗಸನ್ನ ಮನೆಗೆ ಕಳಿಸಿದೀನಿ.

ತಿರುಗುಬಾಣ
ಸಪ್ಪೆ. ಆದ್ರೆ ಏನು ಮಾಡಬೇಕು ಅಂತ ಗೊತ್ತಾಯ್ತು.

ನೀಲಿ_ಪರದೆ
ಒಂದು ಸಾಲು ಸೇರಿಸಿ: "ಸಂಭೋಗದ ನಂತರ, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಸ್ರಾವ ಇದ್ದರೆ ತಪಾಸಣೆ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ." ಹಿಂದಿನ ಟೆಸ್ಟ್ ಸರಿಯಿತ್ತು ಅಂತ ಸುಮ್ಮನಿರೋರಿಗೆ ಇದು.

ಅಕ್ಷರಗಾರ
ಸ್ಟೇಟಸ್‌ಗೆ ಮಾತ್ರ ಹಾಕಿ ಬಿಡಬೇಡಿ, 24 ಗಂಟೆಗೆ ಮಾಯ. ಗುಂಪಿನ ವಿವರಣೆಯಲ್ಲೂ ಇರಲಿ.

ಗಾಜುಪಟ್ಟಿ
ಆ ಖಾಲಿ ಗೆರೆ ಅಂದಾಜಲ್ಲಿ ತುಂಬಬೇಡಿ. ಮಾದರಿಗಳನ್ನ ಒಂದು ಸುತ್ತಿಗೆ ಬೇಕಾದಷ್ಟು ಆಗೋವರೆಗೆ ಕೂಡಿಟ್ಟು ಯಂತ್ರಕ್ಕೆ ಹಾಕೋ ಪ್ರಯೋಗಾಲಯಗಳಿವೆ, ಕಮ್ಮಿ ಜನ ಬಂದ ವಾರ ಫಲಿತಾಂಶ ತಡವಾಗುತ್ತೆ.

ಹಂಚೋಣ_ಬನ್ನಿ
ಫೋನ್ ಮಾಡಿ ಕೇಳ್ತೀನಿ. ಅವರು ದಿನ ಹೇಳೋವರೆಗೆ ಪೋಸ್ಟ್ ಹೋಗಲ್ಲ.